ಸಾಕುನಾಯಿ ಓಡಲು ಕಡಲತೀರ ಬೇಡ, ಬೇಲಿಯ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯಲ್ಲಿ ಮುಧೋಳ ತಳಿಯ ನಾಯಿಯಿದೆ. ಇದನ್ನು ಮೊದಲೇ ಹೇಳುತ್ತೇನೆ. ಇಲ್ಲವಾದರೆ ಈ ಪತ್ರವನ್ನು ನಾಯಿಯೆಂದರೆ ಆಗದವರು ಬರೆದದ್ದು ಎಂದು ಬದಿಗಿಟ್ಟುಬಿಡುತ್ತಾರೆ.

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಬೆಳಿಗ್ಗೆ ಸಾಕುನಾಯಿಗಳನ್ನು ಕರೆತಂದು ಸರಪಳಿ ಬಿಚ್ಚಿಬಿಡುವುದು ಈಗ ರೂಢಿಯಾಗಿದೆ. 'ನಮ್ಮದು ಏನೂ ಮಾಡುವುದಿಲ್ಲ' ಎಂಬುದು ಎಲ್ಲ ಯಜಮಾನರ ಮಾತು. ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ. ದೂರದಲ್ಲಿ ಏನೋ ಅಲುಗಾಡಿತೆಂದರೆ ಓಡಿಯೇ ಓಡುತ್ತದೆ; ಹಿಂದಿನಿಂದ ನಾವು ಕೂಗುವ ಹೆಸರು ಗಾಳಿಗೆ. ತೀರಕ್ಕೆ ಹೊಂದಿಕೊಂಡೇ ರಾಷ್ಟ್ರೀಯ ಹೆದ್ದಾರಿ 66 ಇದೆ. ಇತ್ತ ಮರಳಿನ ಮೇಲೆ ರಂಪಣಿ ಬಲೆ ಎಳೆಯುವವರು, ಸಾಲಾಗಿ ಓಡುವ ಶಾಲಾ ಮಕ್ಕಳು. ಹೀಗಾಗಿ ನಮ್ಮ ನಾಯಿಯ ಸರಪಳಿಯನ್ನು ಅಲ್ಲಿ ಬಿಚ್ಚುವುದಿಲ್ಲ, ಅದು ಎಷ್ಟೇ ಗೋಗರೆದರೂ.

ಇನ್ನು ಕಡಲಾಮೆಗಳ ವಿಷಯ. ಚಳಿಗಾಲ ಬಂತೆಂದರೆ ದೇವಬಾಗ, ಮಾಜಾಳಿಯ ಕಡೆಯ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ರಾತ್ರಿ ಬಂದು ಗುಂಡಿ ತೋಡಿ ಮೊಟ್ಟೆ ಇಡುತ್ತವೆ. ಒಂದೊಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳು. ಮರಿಯಾಗಲು ಸುಮಾರು 45ರಿಂದ 60 ದಿನ ಬೇಕು. ಅರಣ್ಯ ಇಲಾಖೆಯವರು ಗೂಡುಗಳನ್ನು ಹುಡುಕಿ ಸುತ್ತ ಬಲೆ ಕಟ್ಟುವುದು ಯಾರಿಂದ ಕಾಪಾಡಲು ಎಂದುಕೊಂಡಿದ್ದೀರಿ? ಮುಖ್ಯವಾಗಿ ನಾಯಿಗಳಿಂದ. ನೆಲ ಕೆದರುವ ನಾಯಿಗೆ ತಾನು ಬೀದಿಯದೋ ಬಂಗಲೆಯದೋ ಎಂಬ ಭೇದವಿಲ್ಲ. ಈ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚಿನ ರಕ್ಷಣೆಯಿರುವ ಜೀವಿ ಎಂಬುದು ವಾಯುವಿಹಾರಕ್ಕೆ ಬರುವವರಲ್ಲಿ ಎಷ್ಟು ಮಂದಿಗೆ ಗೊತ್ತು?

ಹಾಗೆಂದು ನಾಯಿಯನ್ನು ಗೇಟಿಗೆ ಕಟ್ಟಿಹಾಕಿ ಎಂದು ಹೇಳಲು ನನ್ನಿಂದಾಗದು. ಓಡಲೆಂದೇ ಹುಟ್ಟಿದ ಪ್ರಾಣಿಗೆ ಕೋಡಿಬಾಗದ ರಸ್ತೆಯಲ್ಲಿ ಅರ್ಧ ಗಂಟೆ ನಡೆದರೆ ಏನೂ ಸಾಲದು. ಹೈದರಾಬಾದಿನಲ್ಲಿರುವ ಮಗಳ ಮನೆಗೆ ಹೋದಾಗ ಕೊಂಡಾಪುರದ ನಾಯಿ ಉದ್ಯಾನವನ್ನು ನೋಡಿದ್ದೇನೆ. ಕಸ ಸುರಿಯುತ್ತಿದ್ದ ಸುಮಾರು 1.3 ಎಕರೆ ಜಾಗವನ್ನು ಅಲ್ಲಿನ ಮಹಾನಗರ ಪಾಲಿಕೆ 2018ರಲ್ಲಿ ನಾಯಿಗಳಿಗೆಂದೇ ಸಜ್ಜುಗೊಳಿಸಿತು. ದೊಡ್ಡ ನಾಯಿಗಳಿಗೆ ಒಂದು ಆವರಣ, ಸಣ್ಣವಕ್ಕೆ ಇನ್ನೊಂದು. ಒಳಗೆ ಬಿಟ್ಟ ನಾಯಿಗಳು ಮೊದಲು ಒಂದನ್ನೊಂದು ಮೂಸಿ ಪರಿಚಯ ಮಾಡಿಕೊಳ್ಳುತ್ತವೆ, ಆಮೇಲೆ ಓಟ. ಜಗಳ ಹುಟ್ಟುವುದು ಹೆಚ್ಚಾಗಿ ಚೆಂಡಿನಿಂದ, ಇಲ್ಲವೇ ಯಾರದೋ ಕಿಸೆಯಲ್ಲಿರುವ ಬಿಸ್ಕತ್ತಿನಿಂದ. ಮೊಬೈಲ್ ನೋಡುತ್ತ ಕುಳಿತ ಯಜಮಾನನಿಗೆ ಅದು ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲೂ ಇಂಥ ಬೇಲಿಯ ಜಾಗವಿದೆ. ಆದರೂ ಹಲವರು ಹೊರಗೇ ಸರಪಳಿ ಬಿಚ್ಚಿ, ಹೇಸಿಗೆಯನ್ನೂ ಎತ್ತದೆ ಹೋದುದರಿಂದ 2022ರಲ್ಲಿ ಸಾಕುನಾಯಿಗಳಿಗೆ ಇಡೀ ಉದ್ಯಾನದ ಪ್ರವೇಶವನ್ನೇ ನಿಷೇಧಿಸುವ ಮಾತು ಎದ್ದಿತ್ತು. ಕಾರವಾರಕ್ಕೂ ಇಂಥ ಜಾಗ ಬೇಕು; ಆದರೆ ನಮ್ಮಲ್ಲೂ ಅದೇ ಆಗಬಾರದೆಂದಿದ್ದರೆ ನಿಯಮಗಳು ಬಾಗಿಲಲ್ಲೇ ಬಿಗಿಯಾಗಿರಲಿ. ರೇಬೀಸ್ ಲಸಿಕೆಯ ಚೀಟಿ ತೋರಿಸದವರಿಗೆ ಪ್ರವೇಶವಿಲ್ಲ. ಬೆದೆಗೆ ಬಂದ ಹೆಣ್ಣುನಾಯಿಯನ್ನು ತರಬಾರದು. ಬಾಗಿಲು ಎರಡಿರಬೇಕು: ಹೊರಗಿನದನ್ನು ಮುಚ್ಚಿದ ಮೇಲೆಯೇ ಒಳಗಿನದನ್ನು ತೆರೆಯುವುದು, ಸರಪಳಿಯನ್ನು ನಡುವಿನ ಪುಟ್ಟ ಜಾಗದಲ್ಲಿ ಬಿಚ್ಚುವುದು. ಬಿಡುಬೀಸಾಗಿ ಓಡುವ ನಾಯಿಗಳ ನಡುವೆ ಕಟ್ಟಿಸಿಕೊಂಡ ನಾಯಿ ಹೆದರಿ ಕಚ್ಚಲು ಹೋಗುತ್ತದೆ, ಅದಕ್ಕೇ ಈ ಏರ್ಪಾಡು. ಬೇಲಿ ಆಳೆತ್ತರಕ್ಕಿರಲಿ, ನಮ್ಮ ಮುಧೋಳಕ್ಕೆ ನಾಲ್ಕಡಿಯ ಗೋಡೆ ಗೋಡೆಯೇ ಅಲ್ಲ.

ಕಾರವಾರಕ್ಕೆ ಅರ್ಧ ಎಕರೆ ಧಾರಾಳವಾಯಿತು. ಕಡಲತೀರದಿಂದ ದೂರ, ನೀರು ನಿಲ್ಲದ ಎತ್ತರದ ನೆಲವನ್ನು ನಗರಸಭೆ ಹುಡುಕಲಿ. ತಗ್ಗಿನಲ್ಲಿ ಮಾಡಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೆಸರುಗದ್ದೆ. ಹುಲ್ಲನ್ನು ಸಣ್ಣದಾಗಿ ಕತ್ತರಿಸದಿದ್ದರೆ ಉಣ್ಣಿಗಳ ಕಾಟ ಬೇರೆ.

ಬೀದಿನಾಯಿಗಳ ಹಾವಳಿಯೇ ತೀರದಿರುವಾಗ ಸಾಕುನಾಯಿಗೆ ಉದ್ಯಾನವೇ ಎಂದು ಕೇಳುವವರು ಇದ್ದಾರೆ, ಅದು ನ್ಯಾಯವಾದ ಪ್ರಶ್ನೆಯೇ. ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಯ ಕರ್ತವ್ಯ, ಆ ಹಣವನ್ನು ಇದಕ್ಕೆ ಮುಟ್ಟಬಾರದು. ಉದ್ಯಾನದ ಖರ್ಚನ್ನು ನಮ್ಮಂಥವರಿಂದ ವಾರ್ಷಿಕ ಶುಲ್ಕವಾಗಿ ವಸೂಲಿ ಮಾಡಲಿ. ಹತ್ತಾರು ಸಾವಿರ ಕೊಟ್ಟು ಹಿಮದ ನಾಡಿನ ಹಸ್ಕಿ ನಾಯಿ ತಂದು ಕರಾವಳಿಯ ಸೆಕೆಯಲ್ಲಿ ಸಾಕುವವರಿಗೆ ಶುಲ್ಕ ಹೊರೆಯಾಗಲಾರದು. ಉದ್ಯಾನ ತೆರೆದ ದಿನದಿಂದಲೇ ತೀರದಲ್ಲಿ ಸರಪಳಿ ಬಿಚ್ಚುವವರಿಗೆ ದಂಡವನ್ನೂ ಹಾಕಲಿ.

– ನಿವೃತ್ತ ಗ್ರಂಥಪಾಲಕಿ, ಕೋಡಿಬಾಗ, ಕಾರವಾರ