ಮಗಳಿಗೊಂದು ಪತ್ರ: ಬಚ್ಚಲ ಕಿಟಕಿಯಲ್ಲಿ ಸಿಕ್ಕ ಟ್ಯೂಬು

ಪುಟ್ಟಿ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೀತಿದ್ದೀನಿ. ರೇಷ್ಮೆ ಹುಳ ಪೊರೆ ಬಿಡೋಕೆ ನಾಲ್ಕನೇ ಜ್ವರಕ್ಕೆ ಕೂತಿವೆ, ನಾಳೆವರೆಗೂ ಸೊಪ್ಪು ಹಾಕೋ ಕೆಲಸ ಇಲ್ಲ. ಅವು ಎದ್ದವು ಅಂದ್ರೆ ಇನ್ನೊಂದು ವಾರ ನನಗೆ ಕೂರೋಕೂ ಪುರುಸೊತ್ತಿರಲ್ಲ, ನಿನಗೆ ಗೊತ್ತಲ್ಲ.

ಭಾನುವಾರದ್ದೆಲ್ಲ ಮತ್ತೆ ಹೇಳಲ್ಲ. ಬಂದವರಿಗೆ ನಮಗೆ ಈ ಸಂಬಂಧ ಬೇಡ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿಯಾಯ್ತು. ನನಗೆ ನಿದ್ದೆ ಕೆಟ್ಟಿರೋದು ನಾನಾಡಿದ ಒಂದು ಮಾತಿಗೆ. ಹುಡುಗನ ಕಡೆಯ ಆಯಮ್ಮ ನಿನ್ನ ಕೆನ್ನೆ ನೋಡಿ "ಇದೇನು ಕಲೆ?" ಅಂದ್ರು. ನೀನು ಬಾಯಿ ತೆರೆಯೋ ಮೊದಲೇ ನಾನು "ಔಷಧಿ ಹಚ್ತಿದ್ದಾಳೆ, ಮದುವೆ ಹೊತ್ತಿಗೆ ಹೋಗಿಬಿಡುತ್ತೆ" ಅಂದೆ. ಕಾಫಿ ತಟ್ಟೆ ಹಿಡಿದಿದ್ದ ನಿನ್ನ ಕೈ ಅಲ್ಲೇ ನಿಂತಿತು. ಕೆಟ್ಟುಹೋದ ಸಾಮಾನಿಗೆ ಅಂಗಡಿಯವನು ಸಮಜಾಯಿಷಿ ಕೊಟ್ಟ ಹಾಗೆ ಮಾತಾಡಿದೆ ನಾನು. ಹುಳದ ಮನೆಗೆ ಶೀಟು ಹೊದಿಸಿದ್ದು ನೀನು, ಬೋರ್‌ವೆಲ್ ಮೋಟರು ಸುಟ್ಟಾಗ ದುಡ್ಡು ಕಳಿಸಿದ್ದು ನೀನು. ಅವರ ಮುಂದೆ ಅದ್ಯಾವುದೂ ನನ್ನ ನಾಲಿಗೆಗೆ ಬರಲಿಲ್ಲ.

ಮಾರನೇ ದಿನ ಬಚ್ಚಲು ತೊಳೆಯುವಾಗ ಕಿಟಕಿಯಲ್ಲಿ, ಸೋಪಿನ ಡಬ್ಬಿ ಹಿಂದೆ, ಆ ಟ್ಯೂಬು ಸಿಕ್ತು. ಬುಡದಿಂದ ಮಡಚಿ ಮಡಚಿ ಹಿಂಡಿದ್ದೀಯ. ಹೊಟ್ಟೆ ಹತ್ರ ಬ್ಲೇಡಿನಲ್ಲಿ ಸೀಳಿ ಒಳಗಿಂದ ಬಳಿದು ತೆಗೆದ ಗುರುತಿದೆ. ನೋಡಿದ ತಕ್ಷಣ ಗೊತ್ತಾಯ್ತು, ಏಳು ವರ್ಷದ ಹಿಂದೆ ನಾನೇ ತಂದುಕೊಟ್ಟಂಥ ಟ್ಯೂಬೇ ಇದು.

ನೀನು ಆಗ ಸೆಕೆಂಡ್ ಪಿಯುಸಿ. ಮೊಡವೆ ವಾಸಿಯಾದ ಕಡೆಯೆಲ್ಲ ಕಪ್ಪು ಉಳೀತಿತ್ತು. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಗೂಡಿಗೆ ಒಳ್ಳೆ ರೇಟು ಸಿಕ್ಕಿದ ದಿನ ಅದು. ಕೈಯಲ್ಲಿ ದುಡ್ಡಿತ್ತು, ಮಗಳಿಗೆ ಏನಾದ್ರೂ ತಗೊಂಡು ಹೋಗೋಣ ಅನ್ನಿಸ್ತು. ಮೆಡಿಕಲ್ ಅಂಗಡೀಲಿ "ಮುಖದ ಕಲೆ ಹೋಗೋದು ಕೊಡಿ" ಅಂದೆ. ಅವನು ಯಾರಿಗೆ ಅಂತ ಕೇಳಲಿಲ್ಲ, ಡಾಕ್ಟರ ಚೀಟಿ ಕೇಳಲಿಲ್ಲ. ನಾನೂ ಟ್ಯೂಬನ್ನ ಒಂದು ಸಲ ತಿರುಗಿಸಿ ನೋಡಲಿಲ್ಲ. ಪಕ್ಕದ ದ್ರಾಕ್ಷಿ ತೋಟದವರು ಔಷಧಿ ಹೊಡೆದರೆ ಆ ಅಂಚಿನ ಸಾಲಿನ ಸೊಪ್ಪು ಕೀಳದವಳು ನಾನು. ಹುಳದ ಬಾಯಿಗೆ ಹೋಗೋದನ್ನ ಅಷ್ಟು ನೋಡ್ತೀನಿ, ಮಗಳ ಮುಖಕ್ಕೆ ಹಚ್ಚೋದರ ಹಿಂದೆ ಏನು ಬರೆದಿದೆ ಅಂತ ನೋಡಲಿಲ್ಲ. ಹತ್ತೇ ದಿನಕ್ಕೆ ನಿನ್ನ ಮುಖ ತಿಳಿಯಾಯ್ತು. ಬೀದಿಯವರೆಲ್ಲ ಏನು ಹಚ್ತೀಯ ಅಂತ ಕೇಳಿದ್ರು, ನಾನು ಹಿಗ್ಗಿಹೋದೆ.

ಮಂಗಳವಾರ ಅದನ್ನ ಕವರಿನಲ್ಲಿ ಹಾಕಿಕೊಂಡು ಚಿಕ್ಕಬಳ್ಳಾಪುರಕ್ಕೆ ಚರ್ಮದ ಡಾಕ್ಟರ ಹತ್ರ ಹೋದೆ. ಡಾಕ್ಟರಮ್ಮ ಮೊದಲು ಮಾಡಿದ್ದೇ ಅದನ್ನ ತಿರುಗಿಸಿ ಓದಿದ್ದು. ಅದರಲ್ಲಿ ಮೂರು ಔಷಧಿ ಇದೆಯಂತೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೂರನೇದು ಸ್ಟೀರಾಯ್ಡು. ಇವು ಕೆಟ್ಟ ಔಷಧಿ ಅಂತಲ್ಲ, ಡಾಕ್ಟರು ನೋಡಿ ಕೆಲವು ವಾರ ಮಾತ್ರ ಕೊಡೋವು. ಜನ ಇದನ್ನ ಸ್ನೋ ಥರ ವರ್ಷಗಟ್ಟಲೆ ಹಚ್ತಾರೆ ಅಂತ ತುಂಬ ಬೇಜಾರು ಮಾಡ್ಕೊಂಡ್ರು. ಸ್ಟೀರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆಯಂತೆ. ಬಿಡದೆ ಹಚ್ಚಿದರೆ ಚರ್ಮ ತೆಳುವಾಗುತ್ತೆ, ಕೆಂಪು ನರ ಕಾಣುತ್ತೆ, ಕೂದಲು ಬೆಳೆಯುತ್ತೆ, ಬಿಸಿಲು ತಡೆಯೋಕಾಗಲ್ಲ. ಬಿಟ್ಟರೆ ಉರಿ, ಮೊಡವೆ. ಆ ಉರಿಗೆ ಹೆದರಿ ಮತ್ತೆ ಹಚ್ಚೋದು. ಹೈಡ್ರೋಕ್ವಿನೋನೂ ಹಾಗೇ, ವರ್ಷಗಟ್ಟಲೆ ಹಚ್ಚಿದರೆ ಹೋಗೋ ಬದಲು ಹೋಗದಂಥ ಕಪ್ಪು ಕೂರಬಹುದಂತೆ.

ಅವರು ಉರಿ ಅಂದಾಗ ಶನಿವಾರ ರಾತ್ರಿ ನೆನಪಾಯ್ತು. ದೋಸೆ ಹುಯ್ಯುವಾಗ ನೀನು ಒಲೆ ಮುಂದೆ ನಿಲ್ಲೋಕಾಗದೆ ಒದ್ದೆ ಟವೆಲ್ಲು ಕೆನ್ನೆಗೆ ಒತ್ತಿಕೊಂಡಿದ್ದೆ. ಬಸ್ಸಿನ ಧೂಳಿಗೆ ಹೀಗಾಗಿದೆ ಅಂದುಕೊಂಡು ಇನ್ನೆರಡು ದೋಸೆ ಹಾಕು ಅಂದೆ ನಾನು. ಏಳು ವರ್ಷ ಪೂರ್ತಿ ಹಚ್ಚಿದ್ದೀಯೋ, ಬಿಟ್ಟು ಬಿಟ್ಟು ಹಚ್ಚಿದ್ದೀಯೋ? ಅದನ್ನ ನಾನು ಒಂದು ದಿನವೂ ಕೇಳಿಲ್ಲ.

ನನ್ನ ಕೆನ್ನೆಯ ಬಂಗನ್ನೂ ಅವರಿಗೆ ತೋರಿಸಿದೆ. ನಿಮ್ಮಜ್ಜಿ ಅದನ್ನ ಉಷ್ಣ, ಪಿತ್ತ ಅಂತಿದ್ರು. ಅದೇನೂ ಅಲ್ಲ, ಬಸುರಿಯಲ್ಲಿ ಹಾರ್ಮೋನು ಏರುಪೇರಾಗಿ ಚರ್ಮದಲ್ಲಿ ಬಣ್ಣ ಮಾಡೋ ಜೀವಕೋಶಗಳು ಜಾಸ್ತಿ ಕೆಲಸ ಮಾಡ್ತಾವಂತೆ. ಹೆರಿಗೆಯಾದ ಮೇಲೆ ಎಷ್ಟೋ ಜನಕ್ಕೆ ತಾನಾಗೇ ತಿಳಿಯಾಗುತ್ತೆ. ನಾನು ನಿನ್ನನ್ನ ಹೆತ್ತು ಮೂರು ತಿಂಗಳಿಗೇ ಹಿಪ್ಪುನೇರಳೆ ತೋಟಕ್ಕಿಳಿದೆ, ಬಿಸಿಲು ಅದನ್ನ ಹೋಗೋಕೆ ಬಿಡಲಿಲ್ಲ. ಸಾಲದ್ದಕ್ಕೆ ನಿಂಬೆಹಣ್ಣು ತಿಕ್ಕಿಕೊಂಡು ಬಿಸಿಲಿಗೆ ಹೋಗ್ತಿದ್ದೆ, ಅದು ಚರ್ಮ ಸುಟ್ಟು ಇನ್ನೂ ಕಪ್ಪು ಮಾಡುತ್ತೆ. ಮೊಡವೆ ಕಲೆ ಬೇರೆ. ಗಾಯ ಆದ ಕಡೆ ಬಣ್ಣ ಹೆಚ್ಚಾಗಿ ಉಳಿಯೋದು, ನಮ್ಮಂಥ ಮೈಬಣ್ಣದವರಿಗೆ ಅದು ಜಾಸ್ತಿ. ಕೆರೆಯದೆ, ಬಿಸಿಲು ತಾಗಿಸದೆ ಇದ್ದರೆ ಕೆಲವು ತಿಂಗಳಲ್ಲಿ ಮಾಸುತ್ತೆ, ಆಳಕ್ಕಿಳಿದಿದ್ದರೆ ವರ್ಷವೂ ಆಗಬಹುದು. ಅಂದ್ರೆ ಆವತ್ತು ಏನೂ ಹಚ್ಚದೆ ಕಾದಿದ್ದರೂ ಆಗ್ತಿತ್ತೇನೋ. ಇದನ್ನ ಕೇಳಿದ ಮೇಲೆ ನನಗೆ ಊಟ ಸೇರ್ತಿಲ್ಲ. ಆ ಅಂಗಡಿ ಕಟ್ಟೆ, ಕೈಯಲ್ಲಿದ್ದ ಗೂಡಿನ ದುಡ್ಡು, ಅದೇ ಕಣ್ಮುಂದೆ ಬರುತ್ತೆ. ಒಂದು ಸಲ ತಿರುಗಿಸಿ ನೋಡಿದ್ದರೆ? ಕನ್ನಡದಲ್ಲಿರಲಿಲ್ಲ ನಿಜ, ನಿನ್ನ ಕೈಲೇ ಓದಿಸಬಹುದಿತ್ತಲ್ಲ.

ಈಗಿರೋದು ಯಾವ ಕಲೆ ಅಂತ ಮುಖ ನೋಡದೆ ಹೇಳಲ್ಲ ಅಂದ್ರು. ಅದಕ್ಕೇ ಮೊದಲು ಅಲ್ಲೇ ಒಬ್ಬ ಚರ್ಮದ ಡಾಕ್ಟರ ಹತ್ರ ಹೋಗು, ಬ್ಯೂಟಿ ಪಾರ್ಲರಿಗಲ್ಲ. ನನ್ನ ಮೇಲಿನ ಸಿಟ್ಟಿಗೆ ಇವತ್ತೇ ಪೂರ್ತಿ ನಿಲ್ಲಿಸಿ ಒದ್ದಾಡಬೇಡ, ಹೇಗೆ ಬಿಡಬೇಕು ಅಂತ ಅವರೇ ಹೇಳಲಿ. ಇನ್ನೊಂದು ಟ್ಯೂಬು ಮಾತ್ರ ಕೊಳ್ಳಬೇಡ ನನ್ನವ್ವ. ಸನ್‌ಸ್ಕ್ರೀನ್ ಹಚ್ಚು, ಬಿಸಿಲು ತಡೆಯೋ ಅಳತೆ ಎಸ್‌ಪಿಎಫ್ ಅಂತ ಬರೆದಿರುತ್ತೆ, ಅದು 30ಕ್ಕಿಂತ ಕಮ್ಮಿ ಇರಬಾರದು. ಎರಡು ಬೆರಳುದ್ದ ಬೇಕು ಮುಖಕ್ಕೆ, ಕತ್ತಿಗೆ. ಚುಕ್ಕಿ ಇಟ್ಟ ಹಾಗೆ ಹಚ್ಚಿದರೆ ಏನೂ ಪ್ರಯೋಜನ ಇಲ್ಲ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೋಡ ಇದ್ದರೂ ಹಚ್ಚು. ಬಂಗಿಗಾದರೆ ಬಣ್ಣ ಇರೋ ಸನ್‌ಸ್ಕ್ರೀನ್ ಒಳ್ಳೇದಂತೆ, ಅದರಲ್ಲಿರೋ ಐರನ್ ಆಕ್ಸೈಡು ಕಣ್ಣಿಗೆ ಕಾಣೋ ಬೆಳಕನ್ನೂ ತಡೆಯುತ್ತೆ. ಸ್ಕೂಟರಿನಲ್ಲಿ ಹೋಗುವಾಗ ದುಪಟ್ಟಾ ಸುತ್ತಿಕೋ. ಯಾವುದಾದ್ರೂ ಮಚ್ಚೆ ದೊಡ್ಡದಾದರೆ, ಬಣ್ಣ ಬದಲಾದರೆ, ರಕ್ತ ಬಂದರೆ ಒಂದು ದಿನವೂ ತಡ ಮಾಡಬೇಡ. ರಾತ್ರಿ ಹೊತ್ತಿಗೆ ಮಲಗು, ಊಟ ಬಿಡಬೇಡ. ನೋಡು, ಬುದ್ಧಿ ಹೇಳಲ್ಲ ಅಂತಾನೇ ಕೂತಿದ್ದೆ ಬರೆಯೋಕೆ.

ಕಲೆ ಹೋಗಲಿ ಅಂತ ಇದನ್ನೆಲ್ಲ ಹೇಳ್ತಿಲ್ಲ ಪುಟ್ಟಿ. ನನ್ನ ಬಂಗು ಇಪ್ಪತ್ತೈದು ವರ್ಷದಿಂದ ಇಲ್ಲೇ ಇದೆ, ಅದರಿಂದ ನನಗೆ ನೋವಿಲ್ಲ. ನಿನ್ನ ಮುಖ ಉರೀತಿದೆ, ಅದು ನಿಲ್ಲಬೇಕು.

ನಾಳೆ ಬೆಂಗಳೂರಿಗೆ ಹೋಗೋ ಪಕ್ಕದ ಮನೆ ಹುಡುಗನ ಕೈಲಿ ಈ ಪತ್ರ ಕೊಟ್ಟಿದ್ದೀನಿ, ಜೊತೆಗೆ ಟ್ಯೂಬೂ ಇದೆ. ಎಸೀಬೇಡ, ಡಾಕ್ಟರಿಗೆ ತೋರಿಸು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಮಾರನೇ ದಿನ ನಾನೇ ಬರ್ತೀನಿ, ನೀನು ಬೇಡ ಅಂದ್ರೂ ಬರ್ತೀನಿ. ಅಲ್ಲಿವರೆಗೆ ಉರಿ ಹೇಗಿದೆ ಅಂತ ದಿನಕ್ಕೊಂದು ಮೆಸೇಜು ಹಾಕು. ಬೇರೇನೂ ಬರೀಬೇಡ. ಕೋಪ ಇದ್ದರೆ ಇರಲಿ.

ನಿನ್ನ ಅಮ್ಮ