ಜನ ಬರ್ತಿಲ್ಲ ಅಂತೀರಲ್ಲ, ಯಾವ ಶೋಗೆ ಬರಬೇಕು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಸಿನಿಮಾ ಪುಟದಲ್ಲಿ ಹಿರಿಯ ನಿರ್ಮಾಪಕರೊಬ್ಬರು ಕನ್ನಡಿಗರೇ ಕನ್ನಡ ಸಿನಿಮಾ ನೋಡುತ್ತಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದನ್ನು ಓದಿದೆ. ಹೊಸ ಹುಡುಗರು ಒಳ್ಳೆ ಕಥೆ ತರಬೇಕಂತೆ, ಜನ ಥಿಯೇಟರಿಗೆ ಬರಬೇಕಂತೆ. ನನ್ನ ತಮ್ಮ ಅಂಥ ಒಬ್ಬ ಹೊಸ ಹುಡುಗ. ಕಥೆ ತಂದ. ಜನರೂ ಬರೋಕೆ ತಯಾರಿದ್ದರು, ಕೊನೇಪಕ್ಷ ನಮ್ಮ ನೆಂಟರಿಷ್ಟರಾದರೂ. ನಡುವೆ ಏನಾಯಿತು ಅಂತ ಬರೆಯುತ್ತಿದ್ದೇನೆ. ಜಾಗ ಇದ್ದರೆ ಹಾಕಿ, ಇಲ್ಲದಿದ್ದರೆ ಸಿನಿಮಾ ಪುಟದವರಿಗಾದರೂ ಓದೋಕೆ ಕೊಡಿ.

ತಮ್ಮ ಎಂಜಿನಿಯರಿಂಗ್ ಓದಿದವನು. ಈಗ ಗಾಂಧಿನಗರದಲ್ಲಿ ಕಲ್ಲೆಸೆದರೆ ಎಂಜಿನಿಯರ್‌ಗೇ ಬೀಳೋದು, ಅದರಲ್ಲೇನೂ ವಿಶೇಷ ಇಲ್ಲ. ಅವನ ಕಥೆ ಸಣ್ಣದು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ವಯಸ್ಸಾದ ಹಮಾಲಿ. ಅವರ ಮಗಳು ಅದೇ ಯಾರ್ಡಿನ ಮಂಡಿಯೊಂದಕ್ಕೆ ಲೆಕ್ಕ ಬರೆಯಲು ಸೇರುತ್ತಾಳೆ. ತೂಕದಲ್ಲಿ ಮೋಸ ಆಗ್ತಿರೋದು ಅವಳಿಗೆ ಗೊತ್ತಾಗುತ್ತದೆ. ಅಪ್ಪನಿಗೆ ಅದು ಎಷ್ಟೋ ವರ್ಷದಿಂದ ಗೊತ್ತಿತ್ತು ಅನ್ನೋದು ಆಮೇಲೆ ಗೊತ್ತಾಗುತ್ತದೆ. ಅಷ್ಟೇ. ಹೀರೋ ಇಲ್ಲ, ಫೈಟ್ ಇಲ್ಲ.

ಮೊದಲು ಕಥೆ ಕೇಳಿದವರು ಲೇಔಟ್ ಮಾಡಿ ದುಡ್ಡು ಮಾಡಿದವರು. ನರೇಷನ್ ಅರ್ಧ ಆಗುವಾಗ ಫೋನ್ ಕೆಳಗಿಟ್ಟು, ಮೂಟೆ ಒಳಗೆ ಏನಿರುತ್ತೆ ಅಂತ ಕೇಳಿದರಂತೆ. ಕೊಬ್ಬರಿ ಸರ್ ಅಂದ. ಕೊಬ್ಬರಿ ಸಾಲಲ್ಲಪ್ಪ, ಚಿನ್ನ ಇರಲಿ ಅಂದರು. 2018ರಲ್ಲಿ ಕೆಜಿಎಫ್ ಬಂದಮೇಲೆ ಎಷ್ಟು ಜನರ ಕಥೆಗೆ ಹೀಗೆ ಚಿನ್ನ ಬಿದ್ದಿದೆಯೋ ಆ ದೇವರಿಗೇ ಗೊತ್ತು. ದೇವರು ಅಂದ ಕೂಡಲೇ ಎರಡನೆಯವರು ನೆನಪಾದರು. ಅವರು ಕಥೆ ಪೂರ್ತಿ ಕೇಳಿ, ಕಣ್ಣು ಒರೆಸಿಕೊಂಡು, ಎಲ್ಲಾ ಚೆನ್ನಾಗಿದೆ, ಕ್ಲೈಮ್ಯಾಕ್ಸಲ್ಲಿ ಮಾತ್ರ ಹಮಾಲಿ ಮೈಮೇಲೆ ದೇವರು ಬರಲಿ ಅಂದರು. 2022ರ ಕಾಂತಾರ ಆದಮೇಲಿನ ಮಾತಿದು, ಹೇಳಬೇಕಾಗಿಲ್ಲ ಅಲ್ವಾ. ಆ ಎರಡು ಸಿನಿಮಾ ಮಾಡಿದವರು ಯಾರನ್ನೂ ನೋಡಿ ಮಾಡಿದ್ದಲ್ಲ, ತಮ್ಮ ಪಾಡಿಗೆ ತಮ್ಮ ಕಥೆ ಮಾಡಿದರು. ಅವರ ಹಿಂದೆ ಬಂದವರು ಅದನ್ನು ಬಿಟ್ಟು ಉಳಿದಿದ್ದೆಲ್ಲಾ ಕಲಿತರು. ಮತ್ತೆ ಕೆಲವರು, 2013ರಲ್ಲಿ ಪವನ್ ಕುಮಾರ್ ಜನರ ಹತ್ತಿರ ದುಡ್ಡು ಸೇರಿಸಿ ಲೂಸಿಯಾ ಮಾಡಲಿಲ್ವಾ, ನೀನೂ ಹಾಗೇ ಮಾಡು ಅಂತ ಪುಕ್ಕಟೆ ಸಲಹೆ ಕೊಟ್ಟು ಕಾಫಿ ದುಡ್ಡನ್ನೂ ಇವನ ಹತ್ತಿರವೇ ಕೊಡಿಸಿದರು.

ಕೊನೆಗೆ ಒಪ್ಪಿದ್ದು ನಮ್ಮ ಕಡೆಯವರೇ ಒಬ್ಬರು ಬೋರ್‌ವೆಲ್ ಕಂಟ್ರಾಕ್ಟರ್. ಅಪ್ಪನಿಗೆ ಪರಿಚಯ. ಕಥೆ ಏನೂ ಬದಲಾಯಿಸಬೇಡ, ನನ್ನ ಅಕ್ಕನ ಮಗನಿಗೆ ಒಂದು ಪಾತ್ರ ಕೊಡು ಸಾಕು ಅಂದರು. ಆ ಹುಡುಗ ಜಿಮ್‌ನಿಂದ ನೇರವಾಗಿ ಬಂದ. ಹೀರೋನೇ ಇಲ್ಲದ ಕಥೆಗೆ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಅಂತ ಒಬ್ಬ ಹುಟ್ಟಿಕೊಂಡ, ಅವನಿಗೊಂದು ಇಂಟ್ರೊ ಸಾಂಗ್ ಬಂತು, ಯಾರ್ಡಿನಲ್ಲಿ ಒಂದು ಫೈಟ್ ಬಂತು. ಫೈಟಿನಲ್ಲಿ ಮೂಟೆ ಹರಿದು ಕೊಬ್ಬರಿ ಹಾರಬೇಕು. ಈಗಿನ ರೇಟಿಗೆ ಕೊಬ್ಬರಿ ಹಾರಿಸೋಕೆ ಯಾರಿಗೆ ಆಗುತ್ತದೆ? ಮೂಟೆಗೆ ಮರದ ಹೊಟ್ಟು ತುಂಬಿ ಬಾಯಿಗೆ ಮಾತ್ರ ನಾಲ್ಕು ಕೊಬ್ಬರಿ ಇಟ್ಟರು. ಅಂದು ನಾನೂ ನೋಡೋಕೆ ಹೋಗಿದ್ದೆ. ಪಕ್ಕದಲ್ಲಿ ನಿಜವಾದ ಹಮಾಲಿಯೊಬ್ಬರು ಬೀಡಿ ಸೇದುತ್ತಾ ನಿಂತಿದ್ದರು. ಒಂದು ಮೂಟೆ ಎತ್ತಿ ನೋಡಿದರು, ಕೆಳಗಿಟ್ಟರು, ಇದೂ ಹಂಗೇನಾ ಅಂದರು. ಇಡೀ ಸಿನಿಮಾದಲ್ಲಿ ಅಂಥ ಒಂದು ಡೈಲಾಗ್ ಇಲ್ಲ.

ಇನ್ನು ಎತ್ತಿನ ಕಥೆ. ಚಿತ್ರಕಥೆಯಲ್ಲಿ ಒಂದು ಎತ್ತಿನ ಗಾಡಿ ಇತ್ತು. ಸಿನಿಮಾದಲ್ಲಿ ಪ್ರಾಣಿ ಕಂಡರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಅದರ ಕಚೇರಿ ಇರೋದು ಹರಿಯಾಣದ ಬಲ್ಲಭಗಢದಲ್ಲಿ. ನಿಯಮ ಒಳ್ಳೆಯದೇ, ಹಿಂದೆ ಪ್ರಾಣಿಗಳನ್ನು ಎಷ್ಟು ಹಿಂಸೆ ಮಾಡಿ ಶೂಟ್ ಮಾಡ್ತಿದ್ದರು ಅಂತ ನಮಗೂ ಗೊತ್ತು. ಆದರೆ ಎತ್ತಿನ ಫಿಟ್‌ನೆಸ್ ಸರ್ಟಿಫಿಕೇಟ್, ಮಾಲೀಕರ ಪತ್ರ, ಪಶುವೈದ್ಯರ ಸಹಿ, ಆಮೇಲೆ ಹರಿಯಾಣಕ್ಕೆ ಅರ್ಜಿ ಅಂದಾಗ ನಿರ್ಮಾಪಕರು ಎತ್ತಿಗಿಂತ ಬೇಗ ಸುಸ್ತಾದರು. ಗಾಡಿ ಹೋಗಿ ಲಗೇಜ್ ಆಟೋ ಬಂತು. ಕೊನೆಗೆ ಒಂದು ಯೂಟ್ಯೂಬ್ ವಿಮರ್ಶೆಯಲ್ಲಿ ಸಿನಿಮಾದಲ್ಲಿ ಹಳ್ಳಿಯ ಸೊಗಡೇ ಇಲ್ಲ ಅಂದರು. ಸೊಗಡಿಗೆ ಎನ್‌ಒಸಿ ಸಿಗಲಿಲ್ಲ ಸ್ವಾಮಿ.

ಮುಹೂರ್ತ, ತೆಂಗಿನಕಾಯಿ, ಕ್ಲಾಪ್ ಮಾಡೋಕೆ ಬರಬೇಕಾದವರು ರಾಹುಕಾಲ ಮುಗಿದಮೇಲೂ ಬರದೇ ಇದ್ದಿದ್ದು, ಇವೆಲ್ಲಾ ಎಲ್ಲರ ಮನೆ ಕಥೆ, ಬಿಡಿ. ಮೊದಲು ಇಟ್ಟ ಟೈಟಲ್ ಯಾರೋ ಆಗಲೇ ನೋಂದಾಯಿಸಿಕೊಂಡಿದ್ದರು. ಅವರು ಸಿನಿಮಾ ಮಾಡ್ತಿಲ್ಲ, ಟೈಟಲ್ ಮಾತ್ರ ಇಟ್ಟುಕೊಂಡಿದ್ದಾರೆ. ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆಯೋ ಹೊತ್ತಿಗೆ ಪ್ರಚಾರ ಶುರು. ಪೋಸ್ಟರಿಗೊಂದು ಕಾರ್ಯಕ್ರಮ, ಟೀಸರಿಗೊಂದು, ಹಾಡಿಗೊಂದು, ಟ್ರೇಲರಿಗೊಂದು. ಪ್ರತಿ ಸಲ ಶಾಲು, ಪೇಟ, ಹಾರ. ವೇದಿಕೆ ಮೇಲೆ ಸಿನಿಮಾದಲ್ಲಿ ಇರೋದಕ್ಕಿಂತ ಜಾಸ್ತಿ ಜನ. ಹೊಗಳುವ ಪೇಜುಗಳಿಗೆ ಬೇರೆ ಪ್ಯಾಕೇಜು, ಸುಮ್ನೆ ಇರೋಕೂ ಒಂದು ರೇಟು.

ಈಗ ನಿಮ್ಮ ಪುಟದ ಹಿರಿಯರು ಹೇಳಿದ ವಿಷಯಕ್ಕೆ ಬರ್ತೀನಿ. ಶುಕ್ರವಾರ ಸಿನಿಮಾ ಬಂತು. ಅದೇ ದಿನ ಇನ್ನೂ ಕೆಲವು ಕನ್ನಡ ಸಿನಿಮಾ, ಜೊತೆಗೆ ತೆಲುಗಿನ ದೊಡ್ಡದೊಂದು. ಇವನಿಗೆ ಸಿಕ್ಕಿದ್ದು ವೈಟ್‌ಫೀಲ್ಡ್ ಕಡೆಯ ಒಂದು ಮಾಲ್‌ನಲ್ಲಿ ಬೆಳಗ್ಗೆ 9.15ರ ಶೋ, ಇನ್ನೊಂದು ಕಡೆ ಮಧ್ಯಾಹ್ನ 12.40. ಅರಸೀಕೆರೆಯಲ್ಲಿ ಇಲ್ಲ. ತಿಪಟೂರಿನಲ್ಲಿ ತೆಗೆದ ಸಿನಿಮಾ ತಿಪಟೂರಿನಲ್ಲೂ ಇಲ್ಲ. ಡಿಜಿಟಲ್ ಪ್ರೊಜೆಕ್ಷನ್ನಿಗೆ ನಿರ್ಮಾಪಕರೇ ವಿಪಿಎಫ್ (ವರ್ಚುವಲ್ ಪ್ರಿಂಟ್ ಫೀ) ಅಂತ ದುಡ್ಡು ಕಟ್ಟಬೇಕು, ಒಳಗೆ ಒಬ್ಬರಿರಲಿ ನೂರು ಜನ ಇರಲಿ. ಅರಸೀಕೆರೆಯಿಂದ ರೈಲು ಹತ್ತಿ 9.15ಕ್ಕೆ ವೈಟ್‌ಫೀಲ್ಡಿನಲ್ಲಿ ಕೂರಬೇಕಂದ್ರೆ ಬೆಳಕು ಹರಿಯೋ ಮೊದಲೇ ಹೊರಡಬೇಕು. ಬೆಂಗಳೂರಲ್ಲೇ ಇರೋರೂ ಅಷ್ಟೇ, ಶುಕ್ರವಾರ ಬೆಳಗ್ಗೆ 9.15ಕ್ಕೆ ಆಫೀಸಿಗೆ ಹೋಗ್ತಾರೋ ಹಮಾಲಿ ಕಷ್ಟ ನೋಡೋಕೆ ಹೋಗ್ತಾರೋ?

ಭಾನುವಾರ ನಮ್ಮ ಚಿಕ್ಕಮ್ಮನ ಮನೆಯವರೆಲ್ಲಾ ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೊದಲ್ಲಿ ಆ ಮಾಲಿಗೇ ಹೋದರು. ಬುಕಿಂಗ್ ಕಡಿಮೆ, ಶೋ ಕ್ಯಾನ್ಸಲ್ ಅಂದರು. ನಾವೇ ಒಂಬತ್ತು ಜನ ಇದ್ದೀವಲ್ಲಪ್ಪ ಅಂದಿದ್ದಕ್ಕೆ, ಬೇಕಾದರೆ ಇದೇ ಟೈಮಿಗೆ ತೆಲುಗು ಸಿನಿಮಾ ಇದೆ ಆಂಟಿ ಅಂದರಂತೆ ಕೌಂಟರಿನವರು. ಚಿಕ್ಕಮ್ಮ ಅದನ್ನೇ ನೋಡಿಕೊಂಡು ಬಂದರು. ಚೆನ್ನಾಗಿತ್ತಂತೆ. ಸೋಮವಾರ ಸಿನಿಮಾ ಎತ್ತಂಗಡಿ. ಮಂಗಳವಾರ ಸಕ್ಸಸ್ ಮೀಟ್. ಕೇಕ್ ಕತ್ತರಿಸುವಾಗ ನಿರ್ಮಾಪಕರ ಅಕ್ಕನ ಮಗ, ಜನ ತೋರಿಸಿದ ಪ್ರೀತಿಗೆ ನಾನು ಚಿರಋಣಿ ಅಂತ ಅತ್ತೇಬಿಟ್ಟ. ತಮ್ಮ ಮೂಲೆಯಲ್ಲಿ ಕೂತು ಕೇಕ್ ಬಿಲ್ ನೋಡುತ್ತಿದ್ದ.

ಒಟಿಟಿಯವರನ್ನು ಕೇಳಿದರೆ ಥಿಯೇಟರಲ್ಲಿ ಹೇಗೆ ಹೋಯ್ತು ಅಂತಾರೆ. ಥಿಯೇಟರಿನವರು, ಹೇಗೂ ಒಟಿಟಿಯಲ್ಲಿ ಬರುತ್ತಲ್ಲ, ಯಾರು ನೋಡ್ತಾರೆ ಅಂತಾರೆ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ, ಮಾತಿಗಂತೂ ಬರ ಇಲ್ಲ. ಮಲ್ಟಿಪ್ಲೆಕ್ಸ್‌ನಲ್ಲಿ ಮಧ್ಯಾಹ್ನ 1.30ರಿಂದ ರಾತ್ರಿ 7.30ರ ನಡುವೆ ಒಂದು ಪರದೆ ಕನ್ನಡಕ್ಕೆ ಕಡ್ಡಾಯ ಅಂತ 2017ರ ಬಜೆಟ್‌ನಲ್ಲೇ ಹೇಳಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್‌ಗೆ 200 ರೂಪಾಯಿ ಮಿತಿ ಬಂತು, ಅದೇ ತಿಂಗಳು ಹೈಕೋರ್ಟಿನಿಂದ ತಡೆಯೂ ಬಂತು. ಫಿಲ್ಮ್ ಸಿಟಿ ಹೆಸರಘಟ್ಟ, ಮೈಸೂರು ಹತ್ತಿರದ ಹಿಮ್ಮಾವು, ರಾಮನಗರ, ಬೆಂಗಳೂರಿನ ರೋರಿಕ್ ಎಸ್ಟೇಟ್ ಎಲ್ಲಾ ಸುತ್ತಿ ಈಗ ಮತ್ತೆ ಮೈಸೂರಿಗೆ ಬಂದಿದೆ, ಯಾವ ಸಿನಿಮಾ ತಂಡವೂ ಇಷ್ಟು ಲೊಕೇಶನ್ ನೋಡಿರಲಿಕ್ಕಿಲ್ಲ. 2019ರ ರಾಜ್ಯ ಪ್ರಶಸ್ತಿಗಳು ಘೋಷಣೆ ಆಗಿದ್ದು 2025ರ ಜನವರಿಯಲ್ಲಿ. ಆ ಲೆಕ್ಕದಲ್ಲಿ ತಮ್ಮನಿಗೆ ಏನಾದರೂ ಬಂದರೆ ತಗೊಳ್ಳೋಕೆ ಅವನ ಮಕ್ಕಳು ಹೋಗಬಹುದು. ಮದುವೆ ಇನ್ನೂ ಆಗಿಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಚಿಕ್ಕ ಸಿನಿಮಾಗೆ ಮೊದಲ ವಾರ ಪೂರ್ತಿ, ಜಿಲ್ಲೆಗೆ ಒಂದು ಪರದೆಯಲ್ಲಿ, ಸಂಜೆ ಆರೂವರೆಯ ಶೋ ಕೊಡಿ. ಯಾರೂ ಬರದಿದ್ದರೆ ಎಂಟನೇ ದಿನ ತೆಗೆದುಹಾಕಿ, ಆಗ ಜನ ಬರ್ತಿಲ್ಲ ಅಂತ ಬೈದರೂ ಒಪ್ಪಿಕೊಳ್ಳೋಣ. ಇದನ್ನು ನಿರ್ಮಾಪಕರು, ಪ್ರದರ್ಶಕರು, ಮಾಲ್‌ನವರು ಒಟ್ಟಿಗೆ ಕೂತರೆ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಸಕ್ಸಸ್ ಮೀಟಿಗೆ ಕೂರೋ ಹಾಲ್‌ನಲ್ಲೇ ಕೂರಲಿ.

ಅಂದಹಾಗೆ, ನಮ್ಮ ಅಮ್ಮ ಆ ಸಿನಿಮಾ ಇನ್ನೂ ನೋಡಿಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಡೋ, ಟಿವಿಯಲ್ಲಿ ತೋರಿಸ್ತೀನಿ ಅಂದೆ ತಮ್ಮನಿಗೆ. ಆಗಲ್ಲ ಅಕ್ಕ, ಪೈರಸಿ ಆಗುತ್ತೆ ಅಂದ.

– ನಿರ್ದೇಶಕನೊಬ್ಬನ ಅಕ್ಕ, ಅರಸೀಕೆರೆ