ಕರೆಂಟು ಹೋದರೂ ಕಂಪ್ಯೂಟರ್ ಪಾಠ ನಿಲ್ಲಬೇಕಿಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕೊಡಗಿನ ಲೈನಿನ ಮೇಲೆ ಮರ ಬೀಳುವುದು ಹೊಸ ಸುದ್ದಿಯಲ್ಲ. ಕರೆಂಟಿಲ್ಲವೆಂದು ಶಾಲೆಯ ಕಂಪ್ಯೂಟರ್ ಪೀರಿಯಡ್ ಬೇರೆ ವಿಷಯದ ಪಾಲಾಗುವುದೂ ಅಷ್ಟೇ ಹಳೆಯದು. ಆದರೆ ಕಂಪ್ಯೂಟರ್ ಕಲಿಸಲು ಯಂತ್ರವೇ ಬೇಕೆಂದಿಲ್ಲ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದವರ 'ಸಿಎಸ್ ಅನ್‌ಪ್ಲಗ್ಡ್' ಆಟಗಳಿಗೆ ರಟ್ಟು, ಸೀಮೆಸುಣ್ಣ ಸಾಕು.

ಐದು ರಟ್ಟಿನ ಕಾರ್ಡು ಕತ್ತರಿಸಿ, ಒಂದೊಂದರ ಮೇಲೆ 16, 8, 4, 2, 1 ಚುಕ್ಕಿ ಹಾಕಿ. ಹಿಂಬದಿ ಖಾಲಿ ಇರಲಿ. ಐವರು ಮಕ್ಕಳು ಅವನ್ನು ಹಿಡಿದು ಸಾಲಾಗಿ ನಿಲ್ಲಲಿ, ಉಳಿದವರು ತಮ್ಮ ಹುಟ್ಟಿದ ತಾರೀಕು ಹೇಳಲಿ. ಎಲ್ಲ ಚುಕ್ಕಿ ಕೂಡಿದರೆ 31 ಆಗುವುದರಿಂದ ತಿಂಗಳ ಯಾವ ತಾರೀಕೂ ಹೊರಗುಳಿಯದು. 19 ಎಂದರೆ 16, 2, 1 ಕಾಣಬೇಕು. 8, 4 ಮಗುಚಬೇಕು. ಕಂಡದ್ದು ಒಂದು, ಮಗುಚಿದ್ದು ಸೊನ್ನೆ: 10011. ಕಂಪ್ಯೂಟರ್ ಸಂಖ್ಯೆ ಬರೆದುಕೊಳ್ಳುವುದೂ ಹೀಗೇ, ಬರೀ ಒಂದು-ಸೊನ್ನೆಗಳಲ್ಲಿ. ಮಕ್ಕಳು ಚಿಕ್ಕ ಕಾರ್ಡಿನಿಂದ ಕೂಡಿಸಲು ಹೊರಟು ನಡುವೆ ಸಿಕ್ಕಿಬೀಳುತ್ತಾರೆ. 16ರಿಂದಲೇ ಶುರುಮಾಡಿಸಿ, 'ಇದು ಬೇಕಾ? ತೆಗೆದರೆ ಎಷ್ಟು ಉಳಿಯಿತು?' ಎಂದು ಪ್ರತಿ ಕಾರ್ಡಿಗೂ ಕೇಳಿ. 16 ಇರಬೇಕಾದ್ದು ಕೂತವರ ಎಡಕ್ಕೆ. ನಿಂತವರ ಎಡಕ್ಕೆ ಇಟ್ಟರೆ ಬೋರ್ಡಿನಲ್ಲಿ ಸಂಖ್ಯೆ ತಿರುಗುಮುರುಗಾಗುತ್ತದೆ. ಚುಕ್ಕಿಯ ಬದಲು ಕಾಫಿ ಬೀಜ ಅಂಟಿಸಿದರೆ ಚೆಂದವೇ, ಆದರೆ ನಮ್ಮ ಆಟಿ ತಿಂಗಳ ಮಳೆಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಸ್ಕೆಚ್ ಪೆನ್ನೇ ವಾಸಿ.

ಪ್ರೋಗ್ರಾಮಿಂಗಿಗೆ ನೆಲದ ಮೇಲೆ ನಾಲ್ಕು ನಾಲ್ಕು ಮನೆಯ ಚೌಕ ಬರೆದು ಒಬ್ಬರನ್ನು ರೋಬೋ ಮಾಡಿ. ರೋಬೋ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಬೇಕಾದ ಆಜ್ಞೆಗಳನ್ನು ಉಳಿದವರು ಚೀಟಿಯಲ್ಲಿ ಬರೆದುಕೊಡಲಿ. ಆಜ್ಞೆ ಮೂರೇ: ಮುಂದೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ತಿರುಗುವಾಗ ಮನೆ ಬಿಡಬಾರದು. ಬಹುಪಾಲು ಮಕ್ಕಳು ತಿರುಗಿ ಒಂದು ಹೆಜ್ಜೆಯನ್ನೂ ಇಟ್ಟುಬಿಡುತ್ತಾರೆ. ಚೀಟಿಯಲ್ಲಿ ತಪ್ಪಿದ್ದರೆ ರೋಬೋ ತಪ್ಪು ಮನೆಗೇ ಹೋಗಬೇಕು. ಎಲ್ಲಿ ಕೆಟ್ಟಿತೆಂದು ಚೀಟಿ ಬರೆದವರು ಹುಡುಕಲಿ, ಮೇಷ್ಟ್ರು ಬಾಯಿ ಹಾಕಬಾರದು.

ಕರೆಂಟು ಬಂದಾಗ ಚಿಕ್ಕವರಿಗೆ ಜಿಕಾಂಪ್ರಿ ಎಂಬ ಕಲಿಕೆಯ ಆಟಗಳ ತಂತ್ರಾಂಶ ಒಳ್ಳೆಯದು. ಉಚಿತ, ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆ. ಮೊದಲು ಮೌಸ್ ಆಡಿಸಿ ಮರೆಯಲ್ಲಿರುವ ಚಿತ್ರ ಬಯಲು ಮಾಡುವುದು, ಆಮೇಲೆ ಕ್ಲಿಕ್, ಕೊನೆಗೆ ಡಬಲ್ ಕ್ಲಿಕ್. ಈ ಕ್ರಮ ತಪ್ಪಿಸಬೇಡಿ. ಟೈಪಿಂಗ್ ಆಟಗಳು ಹೆಚ್ಚಾಗಿ ಇಂಗ್ಲಿಷಿನವು. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆಗೆ ಪದಚೀಟಿ ನಾವೇ ಮಾಡಿಕೊಳ್ಳಬೇಕು: 'ಅಮ್ಮ'ನಿಗೆ ಎ, ಎಂ, ಎಫ್, ಎಂ. ಒತ್ತಕ್ಷರದ ಎಫ್ ಕೀಲಿ ಮರೆತರೆ 'ಅಮಮ' ಆಗುತ್ತದೆ.

ದೊಡ್ಡ ಮಕ್ಕಳಿಗೆ ಸ್ಕ್ರ್ಯಾಚ್, ಅಂದರೆ ಆಜ್ಞೆಯ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ತಂತ್ರಾಂಶ. 2019ರಲ್ಲಿ ಬಂದ ಮೂರನೇ ಆವೃತ್ತಿಯ ಆ್ಯಪ್‌ಗೆ ವಿಂಡೋಸ್ 10 ಬೇಕು. ವಿಂಡೋಸ್ 7ರ ಹಳೇ ಯಂತ್ರಗಳಿಗೆ 1.4 ಆವೃತ್ತಿ ಹಾಕಿ. ಅದರಲ್ಲಿ ಮಾಡಿದ್ದು ಹೊಸದರಲ್ಲಿ ತೆರೆಯುತ್ತದೆ, ಹೊಸದರದ್ದು ಹಳೆಯದರಲ್ಲಿ ತೆರೆಯದು.

ಶಾಲೆಗಳಿಗೆ ಕಂಪ್ಯೂಟರ್ ಕೊಡುವ ದಾನಿಗಳಲ್ಲೂ ಇಲಾಖೆಯಲ್ಲೂ ಒಂದೇ ವಿನಂತಿ: ಇವನ್ನೆಲ್ಲ ಮೊದಲೇ ಹಾಕಿ, ಇನ್‌ಸ್ಟಾಲರ್‌ಗಳ ಪೆನ್ ಡ್ರೈವ್ ಒಂದನ್ನು ಜತೆಗೆ ಕೊಡಿ. ನೆಟ್‌ವರ್ಕ್ ಸಿಗದ ಊರಿನ ಶಾಲೆ ಡೌನ್‌ಲೋಡ್ ಮಾಡುವುದೆಲ್ಲಿಂದ?

— ಕಂಪ್ಯೂಟರ್ ಶಿಕ್ಷಕರು, ಸೋಮವಾರಪೇಟೆ